ಅಳತೆಗಾರರ ಹದಿನೆಂಟು

ನಾನು ಮೊದಲು ನೋಡಿದ್ದು ಅವರ ಬಲಗೈಯನ್ನು. ಉಳಿದ ಆಸಾಮಿ ಕಂಬದ ಮರೆಯಲ್ಲಿತ್ತು.

ಪುಣೆಯ ನಾನಾ ಪೇಠೆಯಲ್ಲಿ ನಮ್ಮ ಕನ್ನಡದವರ ಬಿಡಾರಗಳೇ ತುಂಬಿದ್ದ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಕೋಣೆ ಹಿಡಿದು ನನಗೆ ಎರಡೇ ದಿನವಾಗಿತ್ತು. ಬೆಳಗ್ಗೆ ಮೆಟ್ಟಿಲಿಳಿಯುತ್ತಿದ್ದೆ. ಕೆಳಗಿನ ಕಂಬಕ್ಕೆ ಆತುಕೊಂಡಿದ್ದ ಒಂದು ಕೈ ಕಾಣಿಸಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಾವಿಯ ಹಗ್ಗ ಹೊಸೆದಂತಿದ್ದ ಕೈ. ಇದು ಕುಸ್ತಿ ಪೈಲವಾನನ ಕೈಯಲ್ಲದೆ ಮತ್ತೇನು ಎಂದುಕೊಂಡವನೇ ದಡದಡ ಇಳಿದು ಕಾಲು ಮುಟ್ಟಿದೆ. ತಲೆಯೆತ್ತಿದಾಗ ಎದುರಿಗಿದ್ದವರು ಐವತ್ತರ ಸುಮಾರಿನ ಒಬ್ಬ ಒಣಕಲು ಮನುಷ್ಯ. ಎದೆ ಒಳಗೆ ಸೇರಿದೆ, ಬೆನ್ನು ಸ್ವಲ್ಪ ಬಾಗಿದೆ, ಎಡಗೈ ನನ್ನ ಕೈಯಷ್ಟೇ ತೆಳ್ಳಗಿದೆ. ಆದರೆ ಕಾಲು ಮುಟ್ಟಿ ಆದಮೇಲೆ ಹಿಂದೆ ಸರಿಯುವುದು ಹೇಗೆ?

"ನನಗ ಇಪ್ಪತ್ತೈದು ದಂಡ ಹೊಡೀಲಿಕ್ಕೆ ಕಲಸ್ರಿ," ಎಂದುಬಿಟ್ಟೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಗ ಎಷ್ಟ ಹೊಡೀತೀರಿ?"

"ಅರ್ಧಾ."

"ಇಳಿಯೋದೋ, ಏರೋದೋ?"

"ಇಳಿಯೋದು."

"ಛಲೋ ಆತು ಬಿಡ್ರಿ. ಅರ್ಧಾ ಕೆಲಸ ಆಗೇ ಅದ," ಎಂದರು. ಮುಖದಲ್ಲಿ ನಗೆಯ ಗೆರೆಯೂ ಇರಲಿಲ್ಲ.

ವಾಡೆಯಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಸಂಕೋಚವಾಗುತ್ತಿತ್ತು ಎಂದಲ್ಲ. ಓದಲು ಬರುತ್ತಿರಲಿಲ್ಲ ಅವರಿಗೆ. ಸಂಕೋಚ ನನ್ನದು. ಯಾಕೆಂಬುದು ಮುಂದೆ ತಿಳಿಯುತ್ತದೆ. ಕಳೆದ ತಿಂಗಳು ಕಾಕಾ ತೀರಿಕೊಂಡರು. ಇಪ್ಪತ್ತೆರಡು ವರ್ಷ ಅವರ ಬಗ್ಗೆ ನನಗಿದ್ದ ಗೊಂದಲ ಅವರ ಜೊತೆಗೇ ಹೋಗಬೇಕಿತ್ತು. ಹೋಗಲಿಲ್ಲ. ಸ್ವಲ್ಪ ಹೆಚ್ಚೇ ಆಯಿತು.

ಇಪ್ಪತ್ತೈದು ದಂಡದ ಕಥೆ ಮೊದಲು ಹೇಳಿಬಿಡುತ್ತೇನೆ. ಆಗ ನನಗೆ ಇಪ್ಪತ್ತಮೂರು ವರ್ಷ. ಧಾರವಾಡದಿಂದ ಬಂದು ಪುಣೆಯ ಒಂದು ಶಾಲೆಯಲ್ಲಿ ಗಣಿತದ ಹಂಗಾಮಿ ಮಾಸ್ತರನಾಗಿ ಸೇರಿದ್ದೆ. ಆ ಶಾಲೆಯ ಹೆಡ್ಮಾಸ್ತರರಿಗೆ ವ್ಯಾಯಾಮದ ಹುಚ್ಚು. ಹುಡುಗರಿಗೆ ದಂಡ ಹೊಡೆಯಿರಿ, ಕೈಯೂರಿ ಮೈ ಇಳಿಸಿ ಏರಿಸಿರಿ ಎನ್ನುವ ಮಾಸ್ತರ ಮೊದಲು ತಾನು ಹೊಡೆದು ತೋರಿಸಬೇಕು ಎಂಬುದು ಅವರ ಸಿದ್ಧಾಂತ. ದೀಪಾವಳಿ ಸೂಟಿಗೆ ಮುಂಚೆ, ಇಡೀ ಶಾಲೆಯ ಎದುರು, ಮೈದಾನದಲ್ಲಿ ಇಪ್ಪತ್ತೈದು ದಂಡ. ಹೊಡೆದವನು ಕಾಯಂ. ಇಲ್ಲದವನು ಗಂಟುಮೂಟೆ ಕಟ್ಟಬಹುದು. ಬೀಜಗಣಿತಕ್ಕೂ ತೋಳಿಗೂ ಏನು ಸಂಬಂಧವೆಂದು ಕೇಳುವ ಧೈರ್ಯ ನನಗಿರಲಿಲ್ಲ. ಧೈರ್ಯವಿದ್ದಿದ್ದರೆ ಬಹುಶಃ ದಂಡವನ್ನೂ ಹೊಡೆಯುತ್ತಿದ್ದೆ.

ಇದರ ಮೇಲೆ ಮಾವನವರ ಪತ್ರ. "ನೌಕರಿ ಕಾಯಂ ಆದ ಕಾಗದ ನೋಡಿದ ನಂತರವೇ ಮಗಳನ್ನು ಕಳಿಸುವ ವಿಚಾರ" ಎಂದು ಬರೆದಿದ್ದರು. ಲಗ್ನವಾಗಿ ವರ್ಷವಾಗಿತ್ತು, ಬಿಡಾರ ಹೂಡಿರಲಿಲ್ಲ. ಆ ಪತ್ರದ ತುದಿಯಲ್ಲಿ, ಅವರು ಮಡಚುವ ಮುಂಚೆ ಹೇಗೋ ಸಂದು ಮಾಡಿಕೊಂಡು, ಸಣ್ಣ ಅಕ್ಷರದಲ್ಲಿ ಹೆಂಡತಿ ಬರೆದ ಇನ್ನೊಂದು ಸಾಲಿತ್ತು: "ಬೀಸುವ ಕಲ್ಲು ಅಲ್ಲಿ ಸಿಗುವುದೋ, ಇಲ್ಲಿಂದ ತರಬೇಕೋ, ತಿಳಿಸಬೇಕು." ಆ ಸಾಲನ್ನು ನಾನು ದಿನಕ್ಕೆ ಹತ್ತು ಸಲ ಓದುತ್ತಿದ್ದೆ. ಉತ್ತರ ಬರೆದಿರಲಿಲ್ಲ. ಅರ್ಧ ದಂಡದವನು ಬೀಸುವ ಕಲ್ಲಿನ ಮಾತು ಯಾವ ಬಾಯಿಂದ ಆಡಬೇಕು?

ಓಣಿಯ ತಾಲೀಮು ಮನೆಗೂ ಒಂದು ದಿನ ಹೋಗಿ ಬಂದಿದ್ದೆ. ಅಲ್ಲಿಯ ಪೈಲವಾನರು ನನ್ನನ್ನು ನೋಡಿ ನಗಲಿಲ್ಲ, ಕನಿಕರಪಟ್ಟರು. ನಕ್ಕಿದ್ದರೆ ಎರಡನೆಯ ದಿನವೂ ಹೋಗುತ್ತಿದ್ದೆನೋ ಏನೋ.

ಕಾಕಾ ಪೇಟೆಯಲ್ಲಿ ಮಾಪಾಡಿ ಎಂದು ಗೊತ್ತಾದದ್ದು ನಾಲ್ಕು ದಿನದ ಮೇಲೆ. ಕಾಳಿನ ಪೇಟೆಯಲ್ಲಿ ರಾಶಿ ಅಳೆದು ಕೊಡುವವನೇ ಮಾಪಾಡಿ. ನಾಲ್ಕು ಸೇರು ಹಿಡಿಯುವ ಪಾಯ್ಲಿಯನ್ನು ರಾಶಿಗೆ ಹಾಕಿ, ತುಂಬಿ, ಎತ್ತಿ, ಚೀಲಕ್ಕೆ ಸುರಿಯುವುದು. ಬೆಳಗಿನಿಂದ ಸಂಜೆಯವರೆಗೆ, ಮೂವತ್ತು ವರ್ಷ, ಅದೊಂದೇ ಕೈಯಿಂದ. ಆ ಕೈಯ ಗುಟ್ಟು ಅಷ್ಟೇ. ಆದರೂ ಕಾಲು ಮುಟ್ಟಿದ ಮರ್ಯಾದೆಗಾಗಿ, ಮಾಪಾಡಿಯಾಗುವ ಮುಂಚೆ ಇವರು ದೊಡ್ಡ ಪೈಲವಾನರಾಗಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವರನ್ನು ಕೇಳಲಿಲ್ಲ. ಕೇಳಿದರೆ ಅಲ್ಲವೆಂದಾರು ಎಂಬ ಹೆದರಿಕೆ.

ಅವರ ಶಿಕ್ಷಣ ವಾಡೆಯ ಮೆಟ್ಟಿಲ ಮೇಲೆ ನಡೆಯುತ್ತಿತ್ತು. ಮೊದಲ ದಿನ ಕಾಲು ನೆಲದ ಮೇಲೆ, ಕೈ ಐದನೆಯ ಮೆಟ್ಟಿಲ ಮೇಲೆ. ಆ ಎತ್ತರದಲ್ಲಿ ನನಗೂ ನಾಲ್ಕು ದಂಡ ಬಂದವು. ಎಷ್ಟು ಹಿಗ್ಗಿದೆನೆಂದರೆ ಆ ದಿನವೇ ಬೀಸುವ ಕಲ್ಲಿನ ಬಗ್ಗೆ ಬರೆಯಲು ಕುಳಿತೆ. ಹದಿನೈದಿಪ್ಪತ್ತು ದಿನ ಕಳೆದ ಮೇಲೆ ಕಾಕಾ ನಾಲ್ಕನೆಯ ಮೆಟ್ಟಿಲಿಗೆ ಇಳಿಸಿದರು. ಹಳೆಯ ಭಾರ ಮತ್ತೆ ಬಂತು. ಕಾಗದ ಹರಿದು ಹಾಕಿದೆ. ಹೀಗೆ ಒಂದೊಂದೇ ಮೆಟ್ಟಿಲು ಕೆಳಕ್ಕೆ. ನೀರಿನ ಕೊಡ ಹೊತ್ತು ಬರುವ ಹೆಂಗಸರಿಗೆ ನನ್ನಿಂದ ದಿನವೂ ತೊಂದರೆ. "ಮಾಸ್ತರ, ಇಳೀರಿ ಇಲ್ಲಾ ಏರ್ರಿ. ನಡುವs ನಿಂತ್ರ ನಾವು ಹೆಂಗ ಹೋಗೋಣು?" ಎನ್ನುವರು. ಅದೇ ನನ್ನ ಪ್ರಶ್ನೆಯೂ ಆಗಿತ್ತು.

"ಸಾವಕಾಶ ಇಳೀರಿ," ಎನ್ನುತ್ತಿದ್ದರು ಕಾಕಾ. "ಜ್ವಾಳಾ ದಬಕ್ಕನ ಸುರವಿದ್ರ ಪಾಯ್ಲ್ಯಾಗ ಗಾಳಿ ತುಂಬತದ. ನೋಡೋವ್ರಿಗೆ ತುಂಬೇದ ಅನಸ್ತದ, ಒಳಗ ಏನೂ ಇರಂಗಿಲ್ಲ."

ನನ್ನ ಎದೆಯ ಕೆಳಗೆ ಒಂದು ಹಿಡಿ ಜೋಳ ಹರಡುತ್ತಿದ್ದರು. ಇಳಿದಾಗ ಬೆವರಿನ ಬನಿಯನ್ನಿಗೆ ಕಾಳು ಹತ್ತಬೇಕು. ಹತ್ತಿದರೆ ದಂಡ. ಇಲ್ಲದಿದ್ದರೆ ಅದು ನಮಸ್ಕಾರ. ಕಡೆಗೆ ಆ ಕಾಳನ್ನೆಲ್ಲ ಒಂದೂ ಬಿಡದಂತೆ ಆರಿಸಿ, ಗುಬ್ಬಿಗಳಿಗೆ ಹಾಕುತ್ತಿದ್ದರು. ಅಮಾವಾಸ್ಯೆಗೆ ಪೇಟೆ ಬಂದ್ ಇರುತ್ತಿದ್ದುದರಿಂದ ದಂಡವೂ ಬಂದ್. "ಕೈಗೂ ಸೂಟಿ ಬೇಕರಿ," ಎನ್ನುವರು. ಹಾಲು ಕುಡಿಯಲೇ, ಬದಾಮಿ ತಿನ್ನಲೇ, ಉದ್ದಿನ ಲಾಡು ಮಾಡಿಸಲೇ ಎಂದು ಕೇಳಿದ್ದಕ್ಕೆ, "ಮೊದಲ ಕಾಳಜಿ ತಿನ್ನೋದು ಬಿಡ್ರಿ. ಅದs ಅರ್ಧಾ ಮೈ ತಿಂದದ," ಎಂದರು. ಚಿಂತೆ ಬಿಡುವುದು ಹೇಗೆಂದು ಹೇಳಲಿಲ್ಲ. ಹೇಳಿದ್ದರೆ ಈ ನಲವತ್ತೈದನೆಯ ವಯಸ್ಸಿನಲ್ಲಿ ನಾನು ಬೇರೆಯೇ ಮನುಷ್ಯನಾಗಿರುತ್ತಿದ್ದೆ.

ಇನ್ನು ಅವರ ಎಣಿಕೆ. ನನ್ನ ಗೊಂದಲದ ಬೇರು ಇರುವುದೇ ಅಲ್ಲಿ.

ಮಾಪಾಡಿ ಮೊದಲನೆಯ ಪಾಯ್ಲಿಗೆ ಒಂದು ಎನ್ನುವುದಿಲ್ಲ, "ಲಾಭ" ಎನ್ನುತ್ತಾನೆ. ನಮ್ಮ ಕಡೆ ಕಣದಲ್ಲೂ ಹಾಗೇ. ಆಮೇಲೆ ಎರಡು, ಮೂರು. ಒಂದು ಸಂಖ್ಯೆ ಹೇಳಿದ ಮೇಲೆ ಮುಂದಿನ ಪಾಯ್ಲಿ ತುಂಬಿ ಬೀಳುವವರೆಗೆ ಅದನ್ನೇ ರಾಗವಾಗಿ ಅನ್ನುತ್ತಿರುತ್ತಾನೆ: "ಹನ್ನೊಂದೋ ಹನ್ನೊಂದು, ಹನ್ನೊಂದೋ ಹನ್ನೊಂದು." ಸಂಖ್ಯೆ ಕೈಜಾರಬಾರದಲ್ಲ, ಅದಕ್ಕೆ. ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತಾಡಿಸಬಾರದು. ಮಾತಾಡಿಸಿದರೂ ಅವನು ಉತ್ತರ ಕೊಡುವುದಿಲ್ಲ. ಲೆಕ್ಕ ತಪ್ಪಿತೋ, ಅಳೆದದ್ದನ್ನೆಲ್ಲ ರಾಶಿಗೆ ವಾಪಸು ಸುರಿದು ಮೊದಲಿನಿಂದ ಹಿಡಿಯಬೇಕು. ಒಮ್ಮೆ ಪೇಟೆಯಲ್ಲಿ ಹೋರಿಯೊಂದು ಹಗ್ಗ ಹರಿದುಕೊಂಡು ನುಗ್ಗಿದಾಗ ಹಮಾಲರು, ದಲಾಲರು, ಗಿರಾಕಿಗಳು ಎಲ್ಲ ಅಂಗಡಿಯ ಕಟ್ಟೆ ಹತ್ತಿದರಂತೆ. ಕಾಕಾ ಒಬ್ಬರೇ ರಾಶಿಯ ಹತ್ತಿರ ಬಾಗಿ "ಅರವತ್ತೆರಡೋ ಅರವತ್ತೆರಡು" ಎನ್ನುತ್ತಿದ್ದರಂತೆ. ಹೋರಿಯೇ ಗಾಬರಿಯಾಗಿ ಪಕ್ಕಕ್ಕೆ ಹೋಯಿತಂತೆ.

ನನ್ನ ದಂಡಗಳನ್ನೂ ಹೀಗೇ ಎಣಿಸುತ್ತಿದ್ದರು. "ಲಾಭ" ಎನ್ನುವರು, ನಾನು ಇಳಿದು ಏರುವೆ. "ಎರಡೋ ಎರಡು, ಎರಡೋ ಎರಡು." ಮತ್ತೆ ಇಳಿಯುವೆ, ಏರುವೆ. ಇನ್ನೂ "ಎರಡೋ ಎರಡು"! ದಂಡ ತುಂಬಿದೆಯೆಂದು ಅವರಿಗೆ ಖಾತ್ರಿಯಾಗುವವರೆಗೆ ಸಂಖ್ಯೆ ಮುಂದೆ ಹೋಗುತ್ತಿರಲಿಲ್ಲ. ಎಲ್ಲ ಮುಗಿದು ನಾನು ನೆಲಕ್ಕೆ ಬಿದ್ದಾಗ "ಈಗ ಕೊಸರು" ಎನ್ನುವರು. ರಾಶಿ ಅಳೆದಾದ ಮೇಲೆ ಗಿರಾಕಿಗೆ ಲೆಕ್ಕವಿಲ್ಲದೆ ಒಂದು ಬೊಗಸೆ ಹಾಕುತ್ತಾರಲ್ಲ, ಹಾಗೆ ಲೆಕ್ಕದಲ್ಲಿಲ್ಲದ ಇನ್ನೊಂದು ದಂಡ. ಗಣಿತದ ಮಾಸ್ತರನಾದವನು ಸ್ವಂತ ದಂಡವನ್ನು ತಾನೇ ಏಕೆ ಎಣಿಸಿಕೊಳ್ಳಲಿಲ್ಲವೆಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಾಳೆ. ಆ ಹೊತ್ತಿನಲ್ಲಿ ನಾನು ಎಣಿಸುತ್ತಿದ್ದುದು ಬೇರೆ: ದೀಪಾವಳಿಗೆ ಉಳಿದ ದಿನಗಳು.

ದಸರೆಯ ಹೊತ್ತಿಗೆ ನೆಲಕ್ಕೆ ಬಂದೆ. ಹತ್ತು, ಹದಿಮೂರು, ಹದಿನಾರು, ಹದಿನೆಂಟು. ಅಲ್ಲಿಗೆ ನಿಂತಿತು. ಹತ್ತು ದಿನವಾದರೂ ಹದಿನೆಂಟೇ.

ಪರೀಕ್ಷೆಯ ಹಿಂದಿನ ದಿನ ಬೆಳಗ್ಗೆಯೂ "ಹದಿನೆಂಟೋ ಹದಿನೆಂಟು" ಎನ್ನುತ್ತಲೇ ಇದ್ದರು. ನನ್ನ ಕೈ ಕುಸಿದು ಜೋಳದ ಮೇಲೆ ಮುಖ ಊರಿ ಬಿದ್ದೆ. ಕಣ್ಣೆದುರಿಗೆ ಮಾವನವರ ಪತ್ರ ಬಂತು. ಎದ್ದು ಕುಳಿತು, "ಕಾಕಾ, ಒಮ್ಮೆ ನೀವs ಇಪ್ಪತ್ತೈದು ಹೊಡದು ತೋರಸ್ರಿ. ಕಡೀ ಏಳಂಟು ಹೆಂಗ ಹೊಡೀತಾರ ನೋಡತೀನಿ," ಎಂದೆ.

"ನಾನಾ?" ಕಾಕಾ ಕಾಳು ಆರಿಸುತ್ತ ಹೇಳಿದರು. "ನಾ ಹುಟ್ಟಿದಾಗಿಂದ ಒಂದೂ ಹೊಡದಿಲ್ಲರಿ."

"ಮತ್ತ ನನಗ ಕಲಸತೀನಿ ಅಂತ ಯಾಕ ಒಪ್ಪಿದ್ರಿ?"

"ನೀವು ಕಾಲ ಮುಟ್ಟಿದ್ರಿ. ನಾ ಏನ ಅನ್ಲಿ? ದಂಡ ಬರಂಗಿಲ್ಲ, ಅಳಿಯೋದು ಬರತದ. ಅಳದೆ."

ನಾಲ್ಕು ತಿಂಗಳ ಹೆದರಿಕೆ ಒಮ್ಮೆಲೇ ಸಿಟ್ಟಾಗಿ ಹೊರಬಂತು. ಹೆದರುವವನ ಸಿಟ್ಟು ಕೆಟ್ಟದ್ದು; ಅಭ್ಯಾಸವಿಲ್ಲದ್ದರಿಂದ ಎಲ್ಲಿ ನಿಲ್ಲಬೇಕೆಂಬುದು ಅದಕ್ಕೆ ತಿಳಿಯುವುದಿಲ್ಲ. "ನೀವು ಮಾಪಾಡಿಗಳು ಎಂಥಾವ್ರು ಅನ್ನೋದು ಪೇಟ್ಯಾಗ ಎಲ್ಲಾರಿಗೂ ಗೊತ್ತದ," ಎಂದೆ. "ಒಂದs ರಾಶಿ ನೂರೂ ಆಗತದ, ತೊಂಬತ್ತೂ ಆಗತದ. ನನ್ನೂ ಹಂಗs ಅಳದ್ರಿ. ಕಳ್ಳ ಅಳತಿ ನಿಮ್ಮದು!"

ಕೊಡ ಹೊತ್ತ ಹೆಂಗಸರಿಬ್ಬರು ಮೆಟ್ಟಿಲ ಮೇಲೆಯೇ ನಿಂತರು. ಮಾಪಾಡಿಗೆ ಆಡಬಾರದ ಮಾತು ಯಾವುದಾದರೂ ಇದ್ದರೆ ಅದು ಅದೇ. ಅದನ್ನೂ ಯಾರಿಗೆ ಅಂದೆ? ರೈತ, ಗಿರಾಕಿ ಇಬ್ಬರೂ "ಅವರು ಬರಲಿ, ತಡೀರಿ" ಎಂದು ರಾಶಿಯ ಮುಂದೆ ಕಾಯುತ್ತಿದ್ದಂಥ ಮಾಪಾಡಿಗೆ. ಅವರ ಕೈಯಲ್ಲಿ ಕಾಳು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲವೆಂದು ಪೇಟೆಯಲ್ಲೆಲ್ಲ ಮಾತಿತ್ತು. ಅದು ನನಗೂ ಗೊತ್ತಿತ್ತು.

ಕಾಕಾ ಉಳಿದ ಕಾಳು ಆರಿಸಿ ಮುಗಿಸಿದರು. ಎದ್ದರು. "ನಾಳೆ ಮುಂಜಾನೆ ಚಾ ಕುಡೀಬ್ಯಾಡ್ರಿ. ಖಾಲಿ ಹೊಟ್ಟಿಲೇ ಹೋಗ್ರಿ," ಎಂದಷ್ಟೇ ಹೇಳಿ ಗುಬ್ಬಿಗಳ ಕಡೆ ಹೋದರು.

ಮರುದಿನ ಚಹಾ ಕುಡಿಯಲಿಲ್ಲ. ಮೈದಾನದಲ್ಲಿ ಇಡೀ ಶಾಲೆ ಕುಳಿತಿತ್ತು. ಹೆಡ್ಮಾಸ್ತರರು ಕೈಯಲ್ಲಿ ಸೀಟಿ ಹಿಡಿದು ಮರಾಠಿಯಲ್ಲಿ ಎಣಿಸತೊಡಗಿದರು: "ಏಕ್! ದೋನ್! ತೀನ್!" ನಾನು ಇಳಿದ ಕೂಡಲೇ ಒಂದು ಸಂಖ್ಯೆ. ಇಳಿಯುವ ಮುಂಚೆಯೇ ಒಂದು ಸಂಖ್ಯೆ. ಇದೇನು ಎಣಿಕೆ, ಯಾವುದನ್ನೂ ಹಿಡಿದಿಡದೆ ಹೀಗೆ ಓಡುತ್ತಿದೆಯಲ್ಲ ಎಂದುಕೊಂಡೆ. ನನ್ನ ಕಿವಿ "ಎರಡೋ ಎರಡು"ಗಾಗಿ ಕಾಯುತ್ತಿತ್ತು. ಹದಿನೆಂಟು ಯಾವಾಗ ಬಂತೋ ತಿಳಿಯಲಿಲ್ಲ. "ಪಂಚವೀಸ್!" ಎಂದು ಕೂಗಿದಾಗ ಬೇರೆ ಯಾರಿಗೋ ಹೇಳುತ್ತಿದ್ದಾರೆ ಅನ್ನಿಸಿತು. ನಾನು ನಿಲ್ಲಿಸಲಿಲ್ಲ. ಹುಡುಗರು ಚಪ್ಪಾಳೆ ಹೊಡೆಯತೊಡಗಿದರು. ಮೂವತ್ತೊಂದಕ್ಕೆ ಹೆಡ್ಮಾಸ್ತರರೇ ಬಂದು ನನ್ನ ಭುಜ ಹಿಡಿದು, "ಪುರೇ ಮಾಸ್ತರ, ಪುರೇ!" ಎಂದರು. ಇನ್ನೂ ಕೊಸರು ಬಾಕಿಯಿತ್ತು.

ಹುಡುಗರ ಚಪ್ಪಾಳೆಯ ನಡುವೆ ನಿಂತಿದ್ದಾಗ ತಿಳಿಯಿತು. ಕಾಕಾ ಅವರ ಹದಿನೆಂಟು ಹದಿನೆಂಟಾಗಿರಲಿಲ್ಲ. ಇಪ್ಪತ್ತೆಂಟಿತ್ತೋ, ಮೂವತ್ತೈದಿತ್ತೋ! ಕಳ್ಳ ಅಳತೆ ಎಂದು ನಾನು ಕೂಗಾಡಿದ್ದೆ. ಅವರು ಅಳೆದದ್ದೆಲ್ಲ ನನ್ನ ಚೀಲದಲ್ಲೇ ಬಿದ್ದಿತ್ತು.

ಮಧ್ಯಾಹ್ನದ ಸೂಟಿಯಲ್ಲಿ ಪೇಟೆಗೆ ಓಡಿದೆ. ಧನಕವಡಿಯ ರೈತನೊಬ್ಬ ಗಾಡಿ ತುಂಬ ಜೋಳ ತಂದಿದ್ದ, ಸೊಂಟದೆತ್ತರದ ರಾಶಿ. ಕಾಕಾ ಅಳೆಯುತ್ತಿದ್ದರು. "ನಲವತ್ಮೂರೋ ನಲವತ್ಮೂರು." ಸುತ್ತ ಗದ್ದಲ, ಧೂಳು. ಮುಗಿಯುವವರೆಗೆ ಕಾಯುವುದು ರೀತಿ. ಆದರೆ ಶಾಲೆಯ ಗಂಟೆಗೆ ಕಾಲು ಗಂಟೆ ಉಳಿದಿತ್ತು. ಕಾಯಂ ಆದ ದಿನವೇ ತಡವಾಗಿ ಹೋದರೆ ಕಾಯಂ ಉಳಿಯುತ್ತದೋ ಇಲ್ಲವೋ ಎಂಬ ಹೊಸ ಚಿಂತೆ. ರಾಶಿಯ ಆ ಕಡೆ ನಿಂತು ಹೇಳಿದೆ: "ಕಾಕಾ, ಮೂವತ್ತೊಂದು ಆದುವು. ನಿಮ್ಮ ಅಳತಿ ಖರೇ ಇತ್ತು. ನನ್ನ ಬಾಯಿ ಹೊಲಸು. ತಪ್ಪಾತು."

"ನಲವತ್ನಾಲ್ಕೋ ನಲವತ್ನಾಲ್ಕು," ಎಂದರು ಕಾಕಾ. ತಲೆ ಎತ್ತಲಿಲ್ಲ. ನಾನು ಶಾಲೆಗೆ ಓಡಿದೆ.

ಆ ಸಂಜೆ ಕಾಕಾ ಬಹಳ ತಡವಾಗಿ, ದೀಪ ಹಚ್ಚಿದ ಮೇಲೆ ಬಂದರು. ನನ್ನ ಮುಖ ನೋಡಬಾರದೆಂದೇ ತಡಮಾಡಿದರು ಎಂದುಕೊಂಡೆ. ಮೆಟ್ಟಿಲ ಬುಡದಲ್ಲಿ ಪೇಢೆ ಹಿಡಿದು ನಿಂತಿದ್ದೆ. ಒಂದು ತೆಗೆದುಕೊಂಡು, "ಊಟಾತೇನ್ರಿ ಮಾಸ್ತರ?" ಎಂದು ಒಳಗೆ ಹೋದರು. ಬೈಗುಳದ ಮಾತೂ ಇಲ್ಲ, ಕ್ಷಮೆಯ ಮಾತೂ ಇಲ್ಲ. ನಾನು ಹೇಳಿದ್ದು ಕೇಳಿಸಿತ್ತೋ ಇಲ್ಲವೋ? ಎರಡನೆಯ ಸಲ ಹೇಳೋಣವೆಂದರೆ, ಮೊದಲನೆಯದು ಕೇಳಿಸಿದ್ದರೆ ಹಳೆಯ ಗಾಯ ಕೆದಕಿದಂತೆ. ಹೇಳದಿದ್ದರೆ, ಕೇಳಿಸದೇ ಇದ್ದರೆ? ಈ ಎರಡರ ನಡುವೆ ಇಪ್ಪತ್ತೆರಡು ವರ್ಷ ಹೋದವು.

ಹೆಂಡತಿ ಬಂದಳು, ಬೀಸುವ ಕಲ್ಲೂ ಬಂತು. ಅದನ್ನು ಮಾಳಿಗೆಗೆ ಏರಿಸಿದವನು ನಾನೇ. ಕೆಳಗೆ ನಿಂತು "ಸಾವಕಾಶ, ಸಾವಕಾಶ" ಎಂದವರು ಕಾಕಾ. ಮುಂದೆ ನಾವು ಸ್ವಾರಗೇಟಿನ ಕಡೆ ಬೇರೆ ಮನೆ ಹಿಡಿದರೂ ದಂಡ ಬಿಡಲಿಲ್ಲ, ಹಬ್ಬಕ್ಕೆ ಹೋಗಿ ಬರುವುದನ್ನೂ ಬಿಡಲಿಲ್ಲ. ಒಂದು ಸಲ ಧೈರ್ಯ ಮಾಡಿ ಬಳಸು ದಾರಿಯಿಂದ ಕೇಳಿದ್ದೆ: "ಕಾಕಾ, ಆಗ ನೀವು ಹದಿನೆಂಟು ಅಂತಿದ್ರೆಲ್ಲ, ಖರೇ ಎಷ್ಟಿದ್ದುವು?"

"ಹದಿನೆಂಟ," ಎಂದರು.

ಯುದ್ಧದ ಕಾಲಕ್ಕೆ ರೇಶನ್ ಬಂತು. ತಕ್ಕಡಿ ಬಂತು. ಪಾಯ್ಲಿ ಮೂಲೆ ಸೇರಿತು. ಕಾಕಾ ಮಗಳ ಮನೆಗೆ ಹೋಗಿ ಇದ್ದರು. ನಾನು ಅಲ್ಲಿಗೂ ಒಮ್ಮೆ ಹೋಗಿದ್ದೆ. ರೇಶನ್ನಿನ ಜೋಳವನ್ನು ಬಲಗೈಯಲ್ಲಿ ಹಿಡಿದು ನೋಡಿ, "ತೂಕ ಬರೋಬ್ಬರಿ ಅದ. ಆದರ ತುಂಬಿಲ್ಲ," ಎಂದಿದ್ದರು.

ಅವರು ತೀರಿಕೊಂಡ ಸುದ್ದಿ ತಿಳಿದು ಮಗಳ ಮನೆಗೆ ಮಾತಾಡಿಸಿ ಬರಲು ಹೋದಾಗ ಅಲ್ಲಿ ಪೇಟೆಯ ಅಡತಿ ಅಂಗಡಿಯ ಹಳೆಯ ಮುನೀಮರೊಬ್ಬರು ಕುಳಿತಿದ್ದರು. ಬೆಳಗಾವಿ ಕಡೆಯವರು, ಎಂಬತ್ತರ ಹತ್ತಿರ. ಕಾಕಾ ಅವರ ಮಗಳು ನಮಗಿಬ್ಬರಿಗೂ ಚಹಾ ಕೊಟ್ಟಳು. ಮುನೀಮರು ಅವಳಿಗೆ ಹೇಳುತ್ತಿದ್ದರು:

"ನಿಮ್ಮಪ್ಪಾರು ನಲವತ್ತ ವರ್ಷದಾಗ ಒಂದs ಸಲ ಲೆಕ್ಕಾ ತಪ್ಪಿದ್ದು ನೋಡವಾ. ದೀಪಾವಳಿ ಮುಂದ. ಯಾವನೋ ಒಬ್ಬ ಮಾಸ್ತರ ಬಂದಾ, ರಾಶಿ ಮುಂದ ನಿಂತು ಅದೇನೇನೋ ಒದರಿ ಓಡಿ ಹ್ವಾದಾ. ಇವರು ನಲವತ್ನಾಲ್ಕು ಅಂದ್ರು. ಮತ್ತ ನಲವತ್ನಾಲ್ಕು ಅಂದ್ರು. ಪಾಯ್ಲಿ ತುಂಬಿ ಕೈಯಾಗ ಹಿಡಕೊಂಡಾರ, ಸುರವವಲ್ರು! ಬರೇ ನಲವತ್ನಾಲ್ಕು, ನಲವತ್ನಾಲ್ಕು. ಆಮ್ಯಾಲ ಅದೂ ನಿಂತಿತು. 'ಏನಾತೋ ಮಾರಾಯಾ?' ಅಂದೆ. 'ಮರತೆ' ಅಂದ್ರು. ಹೋರಿ ಬಂದಾಗ ಮರೀದಾವ್ರು!"

"ಮುಂದ?" ಎಂದೆ.

"ಮುಂದೇನ್ರಿ. ಧನಕವಡಿ ರೈತ ಬೊಬ್ಬಿ ಹೊಡದಾ. ಚೀಲೆಲ್ಲಾ ರಾಶಿಗೆ ಸುರವಿ ಮದಲಿಂದ ಹಿಡದ್ರು, ಲಾಭಾ ಅಂತ. ದೀಪಾ ಹಚ್ಚೂತನಕ ಅಳದ್ರು ಅವತ್ತ. ಆ ಮಾಸ್ತರ ಏನ ಅಂದಾ ಅಂತ ನಾವು ವರ್ಷಗಟ್ಟಲೆ ಕಾಡಿಸಿದ್ವಿ. ಒಂದ ಮಾತು ಬಿಡ್ಲಿಲ್ಲ."

ಹಾಗಾದರೆ ಕೇಳಿಸಿತ್ತು. ಇಷ್ಟು ವರ್ಷ ಕಾಕಾ ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲವೆಂಬುದೂ ಅವರಿಗೆ ಗೊತ್ತಿತ್ತೋ ಏನೋ. ಸಮಾಧಾನಪಡಬೇಕೋ, ಅವರ ಹೆಸರಿಗೆ ಇದ್ದೊಂದು ಕಲೆಯೂ ನನ್ನಿಂದಲೇ ಎಂದು ಅಳಬೇಕೋ ತಿಳಿಯಲಿಲ್ಲ. ಕಡೆಗೆ, ಇದನ್ನಾದರೂ ಗಟ್ಟಿಯಾಗಿ ಹೇಳಿಬಿಡಬೇಕೆಂದು ಚಹಾದ ಬಟ್ಟಲು ಕೆಳಗಿಟ್ಟೆ.

"ಆ ಮಾಸ್ತರ ನಾನsರಿ," ಎಂದೆ.

ಮುನೀಮರು ಕನ್ನಡಕ ಏರಿಸಿಕೊಂಡು ನನ್ನ ಮುಖ ನೋಡಿದರು, ತೋಳು ನೋಡಿದರು, ಮತ್ತೆ ಮುಖ ನೋಡಿದರು. ತಲೆಯಾಡಿಸಿದರು.

"ಏ, ನೀವಲ್ಲ ಬಿಡ್ರಿ. ಅಂವಾ ಕಡ್ಡಿಯಂಥಾವ ಇದ್ದ."

ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಕಾಕಾ ಇದ್ದಿದ್ದರೆ ಅಳೆದು ಹೇಳುತ್ತಿದ್ದರು.